ಫರ್ನೇಸ್ ಕೆಟ್ಟಾಗ: ಎಲ್ಲಿಂದ ನೋಡಬೇಕು, ಎಲ್ಲಿಗೆ ಕೈ ನಿಲ್ಲಿಸಬೇಕು

ಷಿಕಾಗೊ, ಮಿನಿಯಾಪೊಲಿಸ್, ಟೊರಾಂಟೊ ಕಡೆ ಮನೆ ಮಾಡಿಕೊಂಡಿರುವವರಿಗೆ ಜನವರಿ ಬಂತೆಂದರೆ ಬೇಸ್‌ಮೆಂಟಿನ ಫರ್ನೇಸೇ ಮನೆಯ ಜೀವ. ಊರಲ್ಲಿ ಬೆಳೆದ ನಮಗೆ ಈ ಯಂತ್ರದ ಒಡನಾಟವಿಲ್ಲ. ಬಚ್ಚಲೊಲೆ ಗೊತ್ತು, ಗ್ಯಾಸ್ ಗೀಸರ್ ಗೊತ್ತು, ಫರ್ನೇಸ್ ಗೊತ್ತಿಲ್ಲ. ಹಾಗಾಗಿ ಅದು ನಿಂತಾಗ ಎರಡು ತಪ್ಪು ನಡೆಯುತ್ತವೆ. ಫಿಲ್ಟರ್ ಬದಲಿಸಿದ್ದರೆ ಸರಿಹೋಗುತ್ತಿದ್ದ ಕೆಲಸಕ್ಕೆ ನಡುರಾತ್ರಿ ಮೆಕ್ಯಾನಿಕ್ಕನ್ನು ಕರೆಸಿ ದುಡ್ಡು ಕಳೆದುಕೊಳ್ಳುವುದು ಒಂದು. ಮುಟ್ಟಲೇಬಾರದ ಸ್ವಿಚ್ಚನ್ನು ಒತ್ತಿ ಒತ್ತಿ ಫರ್ನೇಸನ್ನು ಬಲವಂತವಾಗಿ ಓಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಹೋಗುವುದು ದುಡ್ಡು, ಎರಡನೆಯದರಲ್ಲಿ ಪ್ರಾಣ.

ಇಲ್ಲಿ ಹೇಳಿರುವುದೆಲ್ಲ ನ್ಯಾಚುರಲ್ ಗ್ಯಾಸ್ ಅಥವಾ ಪ್ರೊಪೇನ್‌ನಲ್ಲಿ ಉರಿದು, ಡಕ್ಟ್ ಎಂಬ ತಗಡಿನ ಗಾಳಿಕೊಳವೆಗಳ ಮೂಲಕ ಬಿಸಿಗಾಳಿ ಕಳಿಸುವ ಫರ್ನೇಸಿಗೆ ಅನ್ವಯಿಸುತ್ತದೆ. ಬಾಯ್ಲರ್, ಹೀಟ್ ಪಂಪ್, ಎಣ್ಣೆ ಫರ್ನೇಸ್‌ಗಳ ದಾರಿಯೇ ಬೇರೆ.

ಗ್ಯಾಸ್ ವಾಸನೆ ಬರುತ್ತಿದೆ, ಅಥವಾ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗುತ್ತಿದೆ

ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿದರೆ ಯಾವ ಪರೀಕ್ಷೆಗೂ ಇಳಿಯಬೇಡಿ. ಲೈಟ್ ಹಾಕಬೇಡಿ, ಉರಿಯುತ್ತಿರುವ ಲೈಟ್ ಆರಿಸಲೂ ಬೇಡಿ. ಥರ್ಮೋಸ್ಟಾಟ್ ಮುಟ್ಟಬೇಡಿ. ಗ್ಯಾರೇಜ್ ಬಾಗಿಲಿನ ಬಟನ್ ಒತ್ತಬೇಡಿ. ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೂ ಸಾಕಾಗುತ್ತದೆ. ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಮನೆಯಿಂದ ದೂರ ನಿಂತು 911ಕ್ಕೆ ಅಥವಾ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ. ಆ ನಂಬರ್ ಗ್ಯಾಸ್ ಬಿಲ್ಲಿನ ಮೇಲೆಯೇ ಇರುತ್ತದೆ, ಇವತ್ತೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಬೆಂಗಳೂರಿನ ಕಿಟಕಿಯಿಲ್ಲದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ಜೀವ ತೆಗೆಯುತ್ತದಲ್ಲ, ಅದೇ ಅನಿಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಕಾಣಿಸಿಕೊಂಡಾಗ ಶೀತಜ್ವರ ಇರಬೇಕು ಅನಿಸುತ್ತದೆ. ಜ್ವರವಿಲ್ಲದೆ ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದ ಅರ್ಧ ಗಂಟೆಗೆ ಹಗುರವಾದರೆ ಅನುಮಾನಪಡಲೇಬೇಕು.

ಅಲಾರಂ ನಾಲ್ಕು ಸಲ ಕೂಗಿ, ನಿಂತು, ಮತ್ತೆ ನಾಲ್ಕು ಸಲ ಕೂಗಿದರೆ ಅದು ವಿಷಾನಿಲದ ಎಚ್ಚರಿಕೆ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ‘ಚಿಕ್’ ಎಂದರೆ ಬ್ಯಾಟರಿ ಮುಗಿದಿದೆ, ಇಲ್ಲವೇ ಅಲಾರಂನ ಆಯುಸ್ಸೇ ಮುಗಿದಿದೆ. ತಯಾರಾದ ತಾರೀಕು ಹಿಂಬದಿಯಲ್ಲಿರುತ್ತದೆ. ಮಾಡೆಲ್ ನೋಡಿಕೊಂಡು 7ರಿಂದ 10 ವರ್ಷಕ್ಕೆ ಬದಲಿಸಬೇಕು. ಸಾಮಾನ್ಯ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಮಟ್ಟದಲ್ಲಿ ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು, 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷ. ಅಂದರೆ ಅಲಾರಂ ಕೂಗಿತೆಂದರೆ ಅನಿಲ ಆಗಲೇ ಸಾಕಷ್ಟು ಹೊತ್ತು ಮನೆಯಲ್ಲಿತ್ತು ಎಂದರ್ಥ. ಕಿಟಕಿ ತೆಗೆದು ಸದ್ದು ನಿಲ್ಲಿಸಿ ಮತ್ತೆ ಮಲಗಬೇಡಿ. ಹೊರಗೆ ಹೋಗಿ 911ಕ್ಕೆ ಫೋನ್ ಮಾಡಿ. ಅಗ್ನಿಶಾಮಕದವರು ಮೀಟರ್ ತಂದು ಅಳೆದು, ಒಳಗೆ ಹೋಗಬಹುದು ಎಂದ ಮೇಲೆಯೇ ಒಳಗೆ ಕಾಲಿಡಿ.

ಒಂಟಾರಿಯೊದ ವುಡ್‌ಸ್ಟಾಕ್‌ನಲ್ಲಿ 2008ರಲ್ಲಿ ಗ್ಯಾಸ್ ಫೈರ್‌ಪ್ಲೇಸಿನ ಹೊಗೆದಾರಿ ಕಟ್ಟಿಕೊಂಡು ನಾಲ್ವರ ಕುಟುಂಬವೊಂದು ಅಳಿದುಹೋಯಿತು. ಆ ಮನೆಯಲ್ಲಿ ಅಲಾರಂ ಇರಲಿಲ್ಲ. ಮುಂದೆ ಹಾಕಿನ್ಸ್-ಗಿನ್ಯಾಕ್ ಕಾಯ್ದೆ ಬಂದು, 2014ರಿಂದ ಆ ಪ್ರಾಂತ್ಯದಲ್ಲಿ ಮಲಗುವ ಕೋಣೆಗಳ ಬಳಿ ಅಲಾರಂ ಕಡ್ಡಾಯವಾಯಿತು. ಕಾನೂನು ಏನೇ ಹೇಳಲಿ, ಪ್ರತಿ ಮಹಡಿಗೂ ಒಂದು ಅಲಾರಂ ಹಾಕಿಸಿ. ಊರಿನಿಂದ ಅಪ್ಪ ಅಮ್ಮ ಬಂದು ಹಗಲಿಡೀ ಮನೆಯಲ್ಲಿ ಇಬ್ಬರೇ ಇರುತ್ತಾರೆಂದರೆ ಟೆಸ್ಟ್ ಬಟನ್ ಒತ್ತಿ ಆ ಕೂಗು ಹೇಗಿರುತ್ತದೆಂದು ಅವರಿಗೆ ಕೇಳಿಸಿ. ಕೇಳಿದ ತಕ್ಷಣ ಕೋಟು ಹುಡುಕದೆ ಪಕ್ಕದ ಮನೆಗೆ ಹೋಗಿ ಎಂದು ಹೇಳಿಕೊಡಿ.

ಮೊದಲು ಸರಿಯಾದ ಸದ್ದು ಗೊತ್ತಿರಲಿ

ಫರ್ನೇಸ್ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಹತ್ತುತ್ತದೆ. ಆ ಕ್ರಮ ಎಲ್ಲಿ ತುಂಡಾಯಿತು ಎಂಬುದು ಗೊತ್ತಾದರೆ ಅರ್ಧ ದೋಷ ಸಿಕ್ಕ ಹಾಗೆ. ಚೆನ್ನಾಗಿ ಓಡುತ್ತಿರುವಾಗಲೇ ಒಮ್ಮೆ ಎದುರಿಗೆ ಎರಡು ನಿಮಿಷ ನಿಂತು ಕೇಳಿಸಿಕೊಳ್ಳಿ.

ಥರ್ಮೋಸ್ಟಾಟ್ ‘ಟಿಕ್’ ಎನ್ನುತ್ತದೆ. ಇಂಡ್ಯೂಸರ್ ಎಂಬ ಸಣ್ಣ ಫ್ಯಾನ್ ಗುಂಯ್ ಎಂದು ತಿರುಗತೊಡಗಿ ಹಳೆಯ ಹೊಗೆಯನ್ನು ಹೊರಗೆ ದಬ್ಬುತ್ತದೆ. ಅದು ಎಳೆಯುವ ಗಾಳಿಯ ಒತ್ತಡಕ್ಕೆ ಪ್ರೆಷರ್ ಸ್ವಿಚ್ ‘ಟಕ್’ ಎಂದು ಮುಚ್ಚಿಕೊಳ್ಳುತ್ತದೆ. ಬೆಂಕಿ ಹೊತ್ತಿಸುವ ಇಗ್ನೈಟರ್ ಕೆಂಪಗೆ, ಆಮೇಲೆ ಕಿತ್ತಳೆ ಬಣ್ಣಕ್ಕೆ ಕಾಯುತ್ತದೆ. ಇದಕ್ಕೆ ಸುಮಾರು 15ರಿಂದ 30 ಸೆಕೆಂಡು ಬೇಕು. ಗ್ಯಾಸ್ ವಾಲ್ವ್ ತೆರೆದು, ಬರ್ನರ್‌ಗಳು ಒಂದಾದ ಮೇಲೊಂದು ‘ಫುಸ್’ ಎಂದು ಹೊತ್ತಿಕೊಳ್ಳುತ್ತವೆ. ಜ್ವಾಲೆ ಇದೆ ಎಂದು ಫ್ಲೇಮ್ ಸೆನ್ಸರ್ ಸಾಕ್ಷಿ ಹೇಳುತ್ತದೆ. ಅರ್ಧದಿಂದ ಮುಕ್ಕಾಲು ನಿಮಿಷ ಕಳೆದ ಮೇಲೆ ದೊಡ್ಡ ಬ್ಲೋವರ್ ಶುರುವಾಗಿ ಮನೆಗೆಲ್ಲ ಬಿಸಿಗಾಳಿ ಬರುತ್ತದೆ.

ಕಂಟ್ರೋಲ್ ಬೋರ್ಡಿನಲ್ಲಿ ಒಂದು ಸಣ್ಣ ದೀಪ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿದರೆ ಯಾವ ದೋಷ ಎಂಬ ಪಟ್ಟಿ ಬಾಗಿಲಿನ ಒಳಬದಿಯಲ್ಲಿ ಅಂಟಿಸಿರುತ್ತದೆ. ಎಡವುವುದು ಇಲ್ಲೇ: ಕೆಳಗಿನ ಬಾಗಿಲು ತೆಗೆದ ಕೂಡಲೇ ಡೋರ್ ಸ್ವಿಚ್ ಕರೆಂಟ್ ಕಡಿಯುತ್ತದೆ, ಎಷ್ಟೋ ಬೋರ್ಡುಗಳಲ್ಲಿ ಆ ದೋಷದ ಸಂಖ್ಯೆಯೂ ಅಳಿಸಿಹೋಗುತ್ತದೆ. ಹಾಗಾಗಿ ಬಾಗಿಲು ತೆಗೆಯುವ ಮೊದಲೇ ಅದರಲ್ಲಿರುವ ಗಾಜಿನ ಕಿಂಡಿಯಿಂದ ಮಿನುಗನ್ನು ಎಣಿಸಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮೆಕ್ಯಾನಿಕ್ಕಿಗೆ ನೀವು ಕೊಡಬಹುದಾದ ಅತಿ ಉಪಯುಕ್ತ ಮಾಹಿತಿ ಅದೇ.

ಯಾವ ಸದ್ದೂ ಇಲ್ಲ

ಥರ್ಮೋಸ್ಟಾಟಿನಿಂದ ಶುರು ಮಾಡಿ. ಹೀಟ್ ಮೋಡ್‌ನಲ್ಲಿದೆಯೇ? ಕೋಣೆಯ ಉಷ್ಣಾಂಶಕ್ಕಿಂತ 5 ಡಿಗ್ರಿ ಮೇಲಿಡಿ. ಪರದೆ ಮಂಕಾಗಿದ್ದರೆ ಬ್ಯಾಟರಿ ಬದಲಿಸಿ. ಆಮೇಲೆ ಫರ್ನೇಸಿನ ಪಕ್ಕದ ಗೋಡೆಯಲ್ಲೋ ಬೇಸ್‌ಮೆಂಟ್ ಮೆಟ್ಟಿಲ ಮೇಲ್ಗಡೆಯೋ ಇರುವ ಸ್ವಿಚ್ ನೋಡಿ. ಅದು ಥೇಟ್ ಲೈಟಿನ ಸ್ವಿಚ್ಚಿನ ಹಾಗೇ ಇರುತ್ತದೆ, ಕೆಲವು ಕಡೆ ಮಾತ್ರ ಕೆಂಪು ಪ್ಲೇಟ್ ಹಾಕಿರುತ್ತಾರೆ. ಬೇಸ್‌ಮೆಂಟಿನಿಂದ ಅಕ್ಕಿ ಮೂಟೆ ತರಲು ಹೋದವರು ಲೈಟು ಆರಿಸುತ್ತೇವೆಂದುಕೊಂಡು ಅದನ್ನೇ ಆರಿಸಿಬರುವುದು ತೀರಾ ಸಾಮಾನ್ಯ. ಬ್ರೇಕರ್ ಬಿದ್ದಿದ್ದರೆ ಪೂರ್ತಿ ಆಫ್ ಮಾಡಿ ಒಂದೇ ಒಂದು ಸಲ ಆನ್ ಮಾಡಿ. ಮತ್ತೆ ಬಿದ್ದರೆ ಎಲ್ಲೋ ಶಾರ್ಟ್ ಇದೆ, ಬಿಟ್ಟುಬಿಡಿ.

ಫಿಲ್ಟರ್ ಬದಲಿಸಿದ ಮರುಕ್ಷಣದಿಂದ ಫರ್ನೇಸ್ ಸತ್ತಂತಿದ್ದರೆ ಬಾಗಿಲು ಸರಿಯಾಗಿ ಕೂತಿಲ್ಲ, ಡೋರ್ ಸ್ವಿಚ್ ಒತ್ತಿಕೊಂಡಿಲ್ಲ. ಬಾಗಿಲನ್ನು ಮೇಲಕ್ಕೆತ್ತಿ ಕೊಕ್ಕೆಗೆ ಸಿಕ್ಕಿಸಿ.

ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಸತ್ತಿದ್ದರೆ ಬೋರ್ಡಿನ ಮೇಲಿನ ಫ್ಯೂಸ್ ನೋಡಿ. ಕಾರಿನಲ್ಲಿರುವಂಥದೇ ಚಪ್ಪಟೆ ಫ್ಯೂಸ್ ಅದು. 3 ಆಂಪಿಯರ್ ಆದರೆ ನೇರಳೆ, 5 ಆಂಪಿಯರ್ ಆದರೆ ತಿಳಿ ಕಂದು. ಕರೆಂಟ್ ತೆಗೆಯದೆ ತಂತಿ ಜೋಡಿಸುವಾಗ 24 ವೋಲ್ಟಿನ ಎರಡು ತಂತಿ ತಾಗಿದರೆ ಸುಟ್ಟುಹೋಗುವುದು ಇದೇ. ಪವರ್ ಆಫ್ ಮಾಡಿ, ಅದೇ ಆಂಪಿಯರಿನ ಫ್ಯೂಸ್ ಹಾಕಿ. ಹೆಚ್ಚಿನ ಆಂಪಿಯರಿನದು ಹಾಕಿದರೆ ಮುಂದಿನ ಸಲ ಸುಡುವುದು ಟ್ರಾನ್ಸ್‌ಫಾರ್ಮರ್.

ಗಾಳಿ ಬರುತ್ತಿದೆ, ಆದರೆ ತಣ್ಣಗಿದೆ

ಥರ್ಮೋಸ್ಟಾಟಿನಲ್ಲಿ ಫ್ಯಾನ್ ‘ಆನ್’ ಇದ್ದರೆ ‘ಆಟೋ’ಗೆ ತನ್ನಿ. ‘ಆನ್’ನಲ್ಲಿ ಬರ್ನರ್ ಉರಿಯದಿರುವಾಗಲೂ ಬ್ಲೋವರ್ ತಿರುಗುತ್ತಲೇ ಇರುತ್ತದೆ. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ. ‘ಆಟೋ’ದಲ್ಲಿಟ್ಟರೂ ತಣ್ಣನೆ ಗಾಳಿಯೇ ಬರುತ್ತಿದ್ದರೆ, ಬಿಸಿ ಮಿತಿಮೀರದಂತೆ ಕಾಯುವ ಲಿಮಿಟ್ ಸ್ವಿಚ್ ಬರ್ನರ್ ಆರಿಸಿ, ಒಳಗಿನ ಬಿಸಿ ಇಳಿಯಲೆಂದು ಬ್ಲೋವರನ್ನು ಓಡಿಸುತ್ತಿರಬಹುದು. ಅದರ ಕಾರಣ ಮುಂದೆ ಇದೆ.

ಸಣ್ಣ ಫ್ಯಾನ್ ತಿರುಗುತ್ತಲೇ ಇದೆ, ಇಗ್ನೈಟರ್ ಕಾಯುವುದೇ ಇಲ್ಲ

ಪ್ರೆಷರ್ ಸ್ವಿಚ್ ಮುಚ್ಚಿಕೊಳ್ಳುತ್ತಿಲ್ಲ, ಅಂದರೆ ಹೊಗೆ ಹೊರಗೆ ಹೋಗುವ ದಾರಿ ಸರಿಯಿಲ್ಲ ಎಂದು ಫರ್ನೇಸ್ ಹೇಳುತ್ತಿದೆ. ಹಿಮ ಬಿದ್ದ ಬೆಳಿಗ್ಗೆ ಈ ದೋಷ ಕಂಡರೆ ಒಳಗೆ ಹುಡುಕಬೇಡಿ, ಬೂಟು ಹಾಕಿಕೊಂಡು ಹೊರಗೆ ಹೋಗಿ. 90 ಶೇಕಡಾಕ್ಕೂ ಮೇಲ್ಪಟ್ಟ ದಕ್ಷತೆಯ ಫರ್ನೇಸಿನ ಎರಡು ಬಿಳಿ ಪಿವಿಸಿ ಕೊಳವೆಗಳು ಗೋಡೆಯಿಂದ ಹೊರಬಂದಿರುತ್ತವೆ, ಒಂದು ಗಾಳಿ ಎಳೆಯಲು, ಇನ್ನೊಂದು ಹೊಗೆ ಬಿಡಲು. ಗಾಳಿ ತೂರಿದ ಹಿಮ ಅವುಗಳ ಬಾಯಿ ಮುಚ್ಚಿರುತ್ತದೆ. ಕೈಯಲ್ಲೇ ಹಿಮ ಬಿಡಿಸಿ, ಸುತ್ತ ಒಂದೆರಡು ಅಡಿ ಜಾಗ ಮಾಡಿ. ಸಲಿಕೆಯಿಂದ ಬಡಿಯಬೇಡಿ, ಚಳಿಗೆ ಪಿವಿಸಿ ಗಾಜಿನ ಹಾಗೆ ಸೀಳುತ್ತದೆ. ಬೇಸಿಗೆಯಲ್ಲಾದರೆ ಕೊಳವೆಯಲ್ಲಿ ಜೇನುಹುಳ, ಹಕ್ಕಿಗೂಡು.

ಹೊರಗೆ ಸರಿಯಿದ್ದರೆ ಮುಂದಿನ ಅನುಮಾನ ನೀರು. ಈ ಬಗೆಯ ಫರ್ನೇಸ್ ಹೊಗೆಯಲ್ಲಿನ ಆವಿಯನ್ನೂ ತಣಿಸಿ ಬಿಸಿ ಹೀರುತ್ತದೆ, ಹಾಗಾಗಿ ದಿನಕ್ಕೆ ಹಲವು ಲೀಟರ್ ಆಮ್ಲೀಯ ನೀರು ಹೊರಬರುತ್ತದೆ. ಅದು ಹಾದುಹೋಗುವ ಟ್ರ್ಯಾಪ್ (ಒಳಗೆ ಸ್ವಲ್ಪ ನೀರು ನಿಲ್ಲಿಸಿಕೊಂಡು ಹೊಗೆಯನ್ನು ತಡೆಯುವ ಭಾಗ) ಲೋಳೆ ಕಟ್ಟಿದರೆ ನೀರು ಇಂಡ್ಯೂಸರ್ ತನಕ ಏರುತ್ತದೆ. ಫ್ಯಾನಿನೊಳಗೆ ಗುಳುಗುಳು ಸದ್ದು ಕೇಳಿಸುತ್ತದೆ. ಪವರ್ ಆಫ್ ಮಾಡಿ, ಕೆಳಗೆ ಬಕೆಟ್ ಇಟ್ಟು, ಟ್ರ್ಯಾಪ್ ಬಿಚ್ಚಿ ಬೆಚ್ಚನೆ ನೀರಿನಲ್ಲಿ ತೊಳೆಯಿರಿ. ಮರಳಿ ಹಾಕುವಾಗ ಅದರಲ್ಲಿ ಒಂದು ಲೋಟ ಹೊಸ ನೀರು ತುಂಬಿಸಿ. ಬಹಳ ಜನ ಮರೆಯುವುದು ಇದನ್ನೇ: ಒಣಗಿದ ಟ್ರ್ಯಾಪ್ ಹೊಗೆಗೆ ತೆರೆದ ಬಾಗಿಲು. ಡ್ರೈನ್ ಕೊಳವೆ ತಣ್ಣನೆಯ ಗೋಡೆ ಪಕ್ಕದಲ್ಲಿ ಹೋಗಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿರಬಹುದು, ಬಿಸಿನೀರಿನ ಬಟ್ಟೆ ಸುತ್ತಿ ಕರಗಿಸಿ. ಪ್ರೆಷರ್ ಸ್ವಿಚ್ಚಿಗೆ ಹೋಗುವ ಪೆನ್ಸಿಲ್ ದಪ್ಪದ ರಬ್ಬರ್ ನಳಿಗೆಯೂ ಬಿರುಕು ಬಿಟ್ಟಿದೆಯೇ, ಕಳಚಿದೆಯೇ, ಒಳಗೆ ನೀರು ನಿಂತಿದೆಯೇ ನೋಡಿ.

ಇಷ್ಟಾದರೂ ಹತ್ತದಿದ್ದರೆ ಸಾಕು. ಪ್ರೆಷರ್ ಸ್ವಿಚ್ಚಿನ ಎರಡು ತಂತಿಯನ್ನು ಸೇರಿಸಿ ಕಟ್ಟಿದರೆ ಹತ್ತುತ್ತದೆ ಎಂದು ತೋರಿಸುವ ವಿಡಿಯೋಗಳಿವೆ. ಹತ್ತುವುದೇನೋ ನಿಜ, ಆದರೆ ಹೊಗೆ ಹೊರಗೆ ಹೋಗದಿದ್ದರೂ ಉರಿಯುತ್ತಲೇ ಇರುತ್ತದೆ. ದಯವಿಟ್ಟು ಒಂದು ರಾತ್ರಿಯ ಮಟ್ಟಿಗೂ ಹಾಗೆ ಮಾಡಬೇಡಿ.

ಇಗ್ನೈಟರ್ ಕೆಂಪಾಗುತ್ತಿಲ್ಲ

ಸಣ್ಣ ಫ್ಯಾನ್ ತಿರುಗಿ, ‘ಟಕ್’ ಸದ್ದೂ ಬಂದು, ಕಿಂಡಿಯಲ್ಲಿ ಬೆಳಕು ಕಾಣದಿದ್ದರೆ ಇಗ್ನೈಟರ್ ಹೋಗಿರುವ ಸಾಧ್ಯತೆ ಹೆಚ್ಚು. ಅದು ಸವೆದು ಹೋಗುವ ಭಾಗವೇ. ಪವರ್ ತೆಗೆದು ಟಾರ್ಚ್ ಹಾಕಿ ನೋಡಿದರೆ ಬೂದು ಬಣ್ಣದ ಪಟ್ಟಿಯ ಮೇಲೆ ಕೂದಲೆಳೆಯಷ್ಟು ಬಿರುಕು, ಅಥವಾ ಅಲ್ಲೊಂದು ಬಿಳಿ ಚುಕ್ಕೆ ಕಾಣಿಸಬಹುದು. ಓಮ್ ಮೀಟರಿನಲ್ಲಿ ಅನಂತ ತೋರಿಸಿದರೆ ತುಂಡಾಗಿದೆ. ಹೊಸದನ್ನು ಕೊಳ್ಳುವಾಗ ಫರ್ನೇಸಿನ ಮಾಡೆಲ್ ನಂಬರ್ ಕೊಟ್ಟು ಅದಕ್ಕೇ ಹೊಂದುವುದನ್ನು ತನ್ನಿ. ಸಿಲಿಕಾನ್ ಕಾರ್ಬೈಡ್‌ನದು ಹಪ್ಪಳದ ಹಾಗೆ, ಸ್ವಲ್ಪ ತಗುಲಿದರೂ ಮುರಿಯುತ್ತದೆ. ಕಾಯುವ ಭಾಗಕ್ಕೆ ಬೆರಳು ತಾಗಿಸದೆ ಬಿಳಿ ಪಿಂಗಾಣಿ ಬುಡವನ್ನಷ್ಟೇ ಹಿಡಿಯಿರಿ.

ಬರ್ನರ್ ಹತ್ತುತ್ತದೆ, ನಾಲ್ಕೈದು ಸೆಕೆಂಡಿಗೆ ಆರಿಹೋಗುತ್ತದೆ

ಹತ್ತುತ್ತದೆ, ಆರುತ್ತದೆ, ಮತ್ತೆ ಮೊದಲಿಂದ ಶುರು. ಮೂರರಿಂದ ಐದು ಸಲ ಹೀಗೆ ಪ್ರಯತ್ನಿಸಿ ಫರ್ನೇಸ್ ತಾನೇ ಲಾಕ್ ಆಗುತ್ತದೆ. ಒಂದೆರಡು ಗಂಟೆಯಾದ ಮೇಲೆ ಮತ್ತೆ ಯತ್ನಿಸುತ್ತದೆ. ಮನೆಯವರಿಗೆ ಕಾಣುವುದು ಇಷ್ಟೇ: ‘ಒಮ್ಮೊಮ್ಮೆ ಬಿಸಿ ಬರುತ್ತೆ, ಒಮ್ಮೊಮ್ಮೆ ಇಲ್ಲ.’ ಹತ್ತರಲ್ಲಿ ಎಂಟು ಸಲ ಎನ್ನುವಷ್ಟು ಸಾಮಾನ್ಯವಾದ ಕಾರಣ ಕೊಳೆಯಾದ ಫ್ಲೇಮ್ ಸೆನ್ಸರ್, ಮತ್ತು ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಅದು ಕೆಲಸ ಮಾಡುವ ಬಗೆ ಚೆಂದವಾಗಿದೆ. ಜ್ವಾಲೆಯ ಮೂಲಕ ವಿದ್ಯುತ್ ಒಂದೇ ದಿಕ್ಕಿನಲ್ಲಿ, ಅತಿ ಸಣ್ಣ ಪ್ರಮಾಣದಲ್ಲಿ ಹರಿಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿ 2ರಿಂದ 6 ಮೈಕ್ರೋ ಆಂಪಿಯರ್, ಅಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಬೋರ್ಡಿಗೆ ಅದೇ ಸಾಕ್ಷಿ. ಸೆನ್ಸರ್ ಕಡ್ಡಿಯ ಮೇಲೆ ಉಗುರಿನಲ್ಲಿ ಕೆರೆದರೂ ಬಾರದಷ್ಟು ತೆಳ್ಳನೆಯ ಬೂದು ಪದರ ಕೂತರೂ ಆ ಪ್ರವಾಹ ಕುಸಿದು, ಎದುರಿಗೇ ಜ್ವಾಲೆ ಉರಿಯುತ್ತಿದ್ದರೂ ಬೋರ್ಡ್ ಗ್ಯಾಸ್ ಮುಚ್ಚಿಬಿಡುತ್ತದೆ. ನಮ್ಮ ಮನೆಗಳಲ್ಲಿ ಒಗ್ಗರಣೆ ಹೊಗೆ, ಊದುಬತ್ತಿ, ದೀಪದ ಎಣ್ಣೆ ಮಸಿ ಎಲ್ಲ ಗಾಳಿಯಲ್ಲಿರುತ್ತವೆ. ಬೇಸ್‌ಮೆಂಟಿನ ಗಾಳಿಯನ್ನೇ ಉರಿಯಲು ಬಳಸುವ ಫರ್ನೇಸಿದ್ದರೆ ಚಳಿಗಾಲಕ್ಕೆ ಮೊದಲು ವರ್ಷಕ್ಕೊಮ್ಮೆ ಸೆನ್ಸರ್ ಒರೆಸುವುದು ಒಳ್ಳೆಯದು.

ಥರ್ಮೋಸ್ಟಾಟ್ ಆಫ್ ಮಾಡಿ, ಫರ್ನೇಸಿನ ಸ್ವಿಚ್ ಆರಿಸಿ, ಗ್ಯಾಸ್ ಕೊಳವೆಯ ಹಿಡಿಯನ್ನು ಕೊಳವೆಗೆ ಅಡ್ಡವಾಗಿ ತಿರುಗಿಸಿ. ಅಡ್ಡ ಇದ್ದರೆ ಬಂದ್, ನೇರ ಇದ್ದರೆ ಚಾಲೂ. ಹತ್ತು ನಿಮಿಷ ತಣಿಯಲು ಬಿಡಿ. ಬರ್ನರ್ ಸಾಲಿನ ಎರಡು ತುದಿಗಳಲ್ಲಿ ಒಂದು ಕಡೆ ಇಗ್ನೈಟರ್ ಇರುತ್ತದೆ, ಸಾಮಾನ್ಯವಾಗಿ ಅದರ ಎದುರು ತುದಿಯಲ್ಲಿ ಫ್ಲೇಮ್ ಸೆನ್ಸರ್. ಬಿಳಿ ಪಿಂಗಾಣಿಯಿಂದ ಹೊರಬಂದ ಒಂಟಿ ಲೋಹದ ಕಡ್ಡಿ, ಅದಕ್ಕೆ ಒಂದೇ ತಂತಿ. ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ, ಹೆಚ್ಚಿನವುಗಳಿಗೆ ಕಾಲು ಇಂಚಿನ ನಟ್ ಡ್ರೈವರ್ ಸಾಕು. ಕಡ್ಡಿಯನ್ನು ನಯವಾದ ಸ್ಟೀಲ್ ವುಲ್‌ನಲ್ಲೋ ಪಾತ್ರೆ ಉಜ್ಜುವ ಹೊಸ ಹಸಿರು ಸ್ಕ್ರಬ್ಬರಿನಲ್ಲೋ ಲೋಹ ಮಿನುಗುವ ತನಕ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಒರಟು ಉಪ್ಪುಕಾಗದ ಬೇಡ. ಅದು ಗೀರು ಮಾಡುತ್ತದೆ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಹೊಸ ಸೆನ್ಸರೇ ಬೇಕು. ಮೊದಲಿದ್ದ ಕೋನದಲ್ಲೇ ಮರಳಿ ಕೂರಿಸಿ, ತಂತಿ ಸಿಕ್ಕಿಸಿ, ಗ್ಯಾಸ್ ತೆರೆದು, ಬಾಗಿಲು ಹಾಕಿ, ಪವರ್ ಕೊಡಿ.

ಸ್ವಚ್ಛ ಮಾಡಿದರೂ ಆರುತ್ತಿದ್ದರೆ ಅರ್ಥಿಂಗ್ ಸಡಿಲವಾಗಿರಬಹುದು, ಬೋರ್ಡ್ ಕೆಟ್ಟಿರಬಹುದು. ತಿಂಗಳಿಗೊಮ್ಮೆ ಉಜ್ಜಬೇಕಾಗಿ ಬಂದರೆ ಬರ್ನರ್ ಸರಿಯಾಗಿ ಉರಿಯುತ್ತಿಲ್ಲ. ಎರಡೂ ಮೆಕ್ಯಾನಿಕ್ಕಿನ ಕೆಲಸ.

ಐದು ಹತ್ತು ನಿಮಿಷ ಚೆನ್ನಾಗಿ ಉರಿದು ಆರುತ್ತದೆ

ಒಳಗೆ ಬಿಸಿ ಮಿತಿಮೀರಿ ಲಿಮಿಟ್ ಸ್ವಿಚ್ ತೆರೆದುಕೊಂಡಿದೆ. ಫಿಲ್ಟರ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಆಚೆ ಕಾಣದಿದ್ದರೆ ಅಪರಾಧಿ ಅದೇ. ಅಂಚಿನಲ್ಲಿ ಬರೆದಿರುವ ಅಳತೆಯನ್ನೇ ತನ್ನಿ, ಉದಾಹರಣೆಗೆ 16x25x1. ಬಾಣದ ಗುರುತು ಫರ್ನೇಸಿನ ಕಡೆಗೆ ಇರಲಿ. ಒಂದಿಂಚಿನ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೆ ಬದಲಿಸಬೇಕು. ದುಬಾರಿಯದು ಒಳ್ಳೆಯದೆಂದು ಒಂದಿಂಚಿನಲ್ಲೇ ಮರ್ವ್ 13 (ಮರ್ವ್ ಅಂಕಿ ಹೆಚ್ಚಿದಷ್ಟೂ ಸಣ್ಣ ಧೂಳನ್ನು ಹಿಡಿಯುತ್ತದೆ) ತರುವವರಿದ್ದಾರೆ; ಹಳೆಯ ಬ್ಲೋವರಿಗೆ ಅದು ಮೂಗು ಮುಚ್ಚಿದ ಹಾಗೆ. ಮರ್ವ್ 8 ಸಾಕು. ಹೆಚ್ಚು ಶೋಧಿಸಲೇಬೇಕೆಂದರೆ ನಾಲ್ಕಿಂಚಿನ ಫಿಲ್ಟರಿಗೆ ಪೆಟ್ಟಿಗೆ ಹಾಕಿಸಿ.

ಆಮೇಲೆ ಕೋಣೆಗಳಲ್ಲಿ ತಿರುಗಿ ಬನ್ನಿ. ಬಳಸದ ಕೋಣೆಯ ಜಾಲರಿ ಮುಚ್ಚಿದರೆ ಗ್ಯಾಸ್ ಉಳಿಯುತ್ತದೆ ಎಂಬುದು ತಪ್ಪು ನಂಬಿಕೆ, ಗಾಳಿ ಕಡಿಮೆಯಾಗಿ ಫರ್ನೇಸ್ ಬೇಯುತ್ತದೆ. ಸೋಫಾ, ಜಮಖಾನೆ ಅಡ್ಡ ಇದ್ದರೆ ಸರಿಸಿ. ಎಲ್ಲ ಸರಿಯಿದ್ದೂ ಆರುತ್ತಿದ್ದರೆ ಬ್ಲೋವರ್ ನಿಧಾನವಾಗಿದೆ, ಕೆಪಾಸಿಟರ್ ಬಲ ಕಳೆದುಕೊಂಡಿದೆ, ಅಥವಾ ಮೇಲಿರುವ ಎಸಿ ಕಾಯಿಲ್ ಧೂಳಿನಿಂದ ಕಟ್ಟಿದೆ. ಕೆಪಾಸಿಟರ್ ಪವರ್ ತೆಗೆದ ಮೇಲೂ ಶಾಕ್ ಹೊಡೆಯಬಲ್ಲದು, ಅಭ್ಯಾಸವಿಲ್ಲದವರು ಮುಟ್ಟಬಾರದು.

ಈ ದೋಷವನ್ನು ತಿಂಗಳುಗಟ್ಟಲೆ ಹಾಗೇ ಬಿಡಬೇಡಿ. ಲಿಮಿಟ್ ತಟ್ಟಿ ತಟ್ಟಿ ಉರಿದ ಫರ್ನೇಸಿನ ಹೀಟ್ ಎಕ್ಸ್‌ಚೇಂಜರೇ ಕೊನೆಗೆ ಸೀಳುವುದು.

ಹಳದಿ ಜ್ವಾಲೆ, ಮಸಿ, ಬ್ಲೋವರ್ ಬಂದಾಗ ಅಲುಗಾಡುವ ಉರಿ

ಹೀಟ್ ಎಕ್ಸ್‌ಚೇಂಜರ್ ಎಂದರೆ ಉಕ್ಕಿನ ತೆಳು ಕೊಳವೆ. ಒಳಗೆ ಬೆಂಕಿ ಮತ್ತು ಹೊಗೆ, ಹೊರಗೆ ನಿಮ್ಮ ಮಕ್ಕಳು ಉಸಿರಾಡುವ ಗಾಳಿ. ನಡುವೆ ಇರುವುದು ಆ ತಗಡಿನ ದಪ್ಪವಷ್ಟೇ.

ಕಿಂಡಿಯಿಂದ ಜ್ವಾಲೆ ನೋಡಿ. ನೀಲಿಯಾಗಿ, ನೇರವಾಗಿ, ಕೊಳವೆಯೊಳಕ್ಕೆ ಚಾಚಿಕೊಂಡಿರಬೇಕು. ನಡುನಡುವೆ ಕಿತ್ತಳೆ ಕಿಡಿ ಹಾರಿದರೆ ಧೂಳು. ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ಇಟ್ಟಿದ್ದರೆ ಗಡಸು ನೀರಿನ ಲವಣದಿಂದ ಇಡೀ ಜ್ವಾಲೆಗೇ ಕಿತ್ತಳೆ ಛಾಯೆ ಬರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಸೋಮಾರಿಯಾಗಿ ಓಲಾಡುವ, ತುದಿ ಹಳದಿಯಾದ ಜ್ವಾಲೆ ಬೇರೆ. ಅದು ಗಾಳಿ ಸಾಲದೆ ಅರೆಬರೆ ಉರಿಯುತ್ತಿದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದೇ ಅಲ್ಲಿ.

ಇನ್ನು ಮುಖ್ಯವಾದ ಮೂವತ್ತು ಸೆಕೆಂಡು. ಬರ್ನರ್ ಹೊತ್ತಿದಾಗಿನಿಂದ ಬ್ಲೋವರ್ ಶುರುವಾಗುವ ತನಕ ಜ್ವಾಲೆಯ ಮೇಲಿಂದ ಕಣ್ಣು ತೆಗೆಯಬೇಡಿ. ಬ್ಲೋವರ್ ಬಂದರೂ ಜ್ವಾಲೆ ಹಾಗೇ ಇರಬೇಕು. ಬಂದ ಕ್ಷಣಕ್ಕೆ ಒಂದು ಬರ್ನರಿನ ಜ್ವಾಲೆ ಪಕ್ಕಕ್ಕೆ ವಾಲಿದರೆ, ಹಳದಿಯಾದರೆ, ಮುಂದಕ್ಕೆ ನುಗ್ಗಿದರೆ ಬ್ಲೋವರಿನ ಗಾಳಿ ಎಲ್ಲಿಂದಲೋ ಬೆಂಕಿಯ ಕೋಣೆಗೆ ತೂರುತ್ತಿದೆ. ಸಡಿಲವಾದ ಸೀಲ್ ಕೂಡ ಹಾಗೆ ಮಾಡಬಹುದು. ಆದರೆ ಪರೀಕ್ಷೆಯಾಗುವ ತನಕ ಬಿರುಕು ಎಂದೇ ಭಾವಿಸಬೇಕು. ಬರ್ನರ್ ಪೆಟ್ಟಿಗೆಯ ಸುತ್ತ ಮಸಿ, ಬಣ್ಣ ಸುಟ್ಟ ಗುರುತು, ಕರಗಿದ ತಂತಿ, ಪದರಪದರವಾಗಿ ಉದುರುವ ತುಕ್ಕು ಇವೂ ಅದೇ ಕಥೆ ಹೇಳುತ್ತವೆ.

ರೋಲ್‌ಔಟ್ ಸ್ವಿಚ್ ಬರ್ನರ್ ಪಕ್ಕದಲ್ಲಿರುವ, ನಡುವೆ ಸಣ್ಣ ಗುಂಡಿಯಿರುವ ದುಂಡನೆಯ ಬಿಲ್ಲೆ. ಜ್ವಾಲೆ ಪೆಟ್ಟಿಗೆಯಿಂದ ಹೊರಗೆ ನಾಲಿಗೆ ಚಾಚಿದಾಗ ಮಾತ್ರ ಅದು ತಟ್ಟುತ್ತದೆ. ತಾನಾಗಿ ಸರಿಹೋಗದಂತೆ ಅದನ್ನು ಬೇಕೆಂದೇ ಮಾಡಿದ್ದಾರೆ, ಮನುಷ್ಯನೊಬ್ಬ ಬಂದು ಕಾರಣ ಹುಡುಕಲಿ ಎಂದು. ಆ ಗುಂಡಿ ಒತ್ತಿದರೆ ಫರ್ನೇಸ್ ಮತ್ತೆ ಹತ್ತುತ್ತದೆ, ಕಾರಣ ಮಾತ್ರ ಅಲ್ಲೇ ಉಳಿದಿರುತ್ತದೆ. ಒತ್ತಬೇಡಿ. ಈ ವಿಭಾಗದ ಯಾವ ಲಕ್ಷಣ ಕಂಡರೂ ಫರ್ನೇಸ್ ಆಫ್ ಮಾಡಿ, ಗ್ಯಾಸ್ ಹಿಡಿ ಅಡ್ಡ ತಿರುಗಿಸಿ, ಲೈಸೆನ್ಸ್ ಇರುವ ಮೆಕ್ಯಾನಿಕ್ಕನ್ನು ಕರೆಯಿರಿ.

ಬಿರುಕಿಗೆ ಬೆಸುಗೆ ಇಲ್ಲ. ಎಕ್ಸ್‌ಚೇಂಜರ್ ಬದಲಿಸಬೇಕು, ಇಲ್ಲವೇ ಫರ್ನೇಸನ್ನೇ. ಬಿರುಕಿದೆ ಎಂದು ಹೇಳಿ ಹೊಸ ಫರ್ನೇಸ್ ಮಾರುವವರೂ ಇರುವುದರಿಂದ ಕ್ಯಾಮೆರಾದಲ್ಲಿ ತೆಗೆದ ಬಿರುಕಿನ ಚಿತ್ರ ಕೇಳಿ, ಹೊಗೆಯಲ್ಲೂ ಕೋಣೆಯ ಗಾಳಿಯಲ್ಲೂ ಅಳೆದ ಕಾರ್ಬನ್ ಮೊನಾಕ್ಸೈಡ್ ಅಂಕಿ ಬರೆಸಿಕೊಳ್ಳಿ, ಎರಡನೆಯವರ ಅಭಿಪ್ರಾಯ ಪಡೆಯಿರಿ. ಅಲ್ಲಿಯ ತನಕ ಫರ್ನೇಸ್ ಮಾತ್ರ ಹಚ್ಚಬೇಡಿ. ಎಷ್ಟೋ ಕಂಪನಿಗಳು ಎಕ್ಸ್‌ಚೇಂಜರಿಗೆ 20 ವರ್ಷ ಅಥವಾ ಜೀವಮಾನದ ವಾರಂಟಿ ಕೊಡುತ್ತವೆ, ಮೊದಲ ಮಾಲೀಕರ ಹೆಸರಲ್ಲಿ ರಿಜಿಸ್ಟರ್ ಆಗಿದ್ದರೆ. ಕೂಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಸೀರಿಯಲ್ ನಂಬರ್ ಹೇಳಿ ವಿಚಾರಿಸಿ. ಒಂಟಾರಿಯೊದಲ್ಲಿ ದೋಷ ಕಂಡ ಮೆಕ್ಯಾನಿಕ್ ಎಚ್ಚರಿಕೆಯ ಚೀಟಿ ಹಾಕುತ್ತಾರೆ: ಎ ಟ್ಯಾಗ್ ಆದರೆ ಗ್ಯಾಸ್ ತಕ್ಷಣ ಬಂದ್, ಬಿ ಟ್ಯಾಗ್ ಆದರೆ ರಿಪೇರಿಗೆ ಗಡುವು ಕೊಡುತ್ತಾರೆ.

ಎಕ್ಸ್‌ಚೇಂಜರನ್ನು ತಿನ್ನುವ ಇನ್ನೊಂದು ವಸ್ತು ಬ್ಲೀಚ್. ಅದರ ಕ್ಲೋರಿನ್ ಆವಿ ಬೆಂಕಿಗೆ ಸಿಕ್ಕು ಆಮ್ಲವಾಗುತ್ತದೆ. ಬ್ಲೀಚ್, ಪೇಂಟ್, ಥಿನ್ನರ್ ಡಬ್ಬಗಳನ್ನು ಫರ್ನೇಸ್ ಕೋಣೆಯಿಂದ ಇವತ್ತೇ ಹೊರಗಿಡಿ.

ಅಡುಗೆ ಮನೆಯ ಚಿಮಣಿ ಹಾಕಿದಾಗ ಬೇಸ್‌ಮೆಂಟಿನಲ್ಲಿ ಹೊಗೆ ವಾಸನೆ

ಇದು ನಮ್ಮ ಮನೆಗಳಲ್ಲಿ ವಿಶೇಷವಾಗಿ ನೋಡಬೇಕಾದದ್ದು. ಒಗ್ಗರಣೆ ಘಾಟು ತಡೆಯಲು ನಾವು ಶಕ್ತಿಯುತ ಚಿಮಣಿ ಹಾಕಿಸುತ್ತೇವೆ. ಅದು ಹೊರಗೆ ದಬ್ಬಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಬರುವ ದಾರಿ ವಾಟರ್ ಹೀಟರಿನ ಹೊಗೆಕೊಳವೆ. ಹೊಗೆ ಮೇಲೇರುವ ಬದಲು ಬೇಸ್‌ಮೆಂಟಿಗೆ ಇಳಿಯುತ್ತದೆ. ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಎಳೆಯುವ ಚಿಮಣಿಗೆ ಹೊರಗಾಳಿ ತರುವ ಪ್ರತ್ಯೇಕ ವ್ಯವಸ್ಥೆ ಬೇಕೆಂದು ಅಮೆರಿಕದ ಮಾದರಿ ಕಟ್ಟಡ ಸಂಹಿತೆ ಹೇಳುವುದು ಇದಕ್ಕೇ.

ಪರೀಕ್ಷೆಗೆ ಬೇಕಾದದ್ದು ಒಂದು ಊದುಬತ್ತಿ. ಗ್ಯಾಸ್ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಿಟಕಿ ಬಾಗಿಲು ಮುಚ್ಚಿ, ಚಿಮಣಿ, ಬಚ್ಚಲಿನ ಫ್ಯಾನ್, ಡ್ರೈಯರ್ ಎಲ್ಲ ಓಡಿಸಿ. ಬಿಸಿನೀರು ಬಿಟ್ಟು ವಾಟರ್ ಹೀಟರ್ ಹತ್ತುವಂತೆ ಮಾಡಿ, ಐದು ನಿಮಿಷ ಕಾದು, ಅದರ ನೆತ್ತಿಯಲ್ಲಿರುವ ತೆರೆದ ಟೊಪ್ಪಿಯ ಅಂಚಿಗೆ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ನಿಮ್ಮ ಮುಖಕ್ಕೆ ಬಂದರೆ ಹೀಟರ್ ಆರಿಸಿ, ಫ್ಯಾನ್‌ಗಳನ್ನು ನಿಲ್ಲಿಸಿ, ಕಿಟಕಿ ತೆಗೆದು, ಮೆಕ್ಯಾನಿಕ್ಕನ್ನು ಕರೆಯಿರಿ.

ಹತ್ತುವಾಗ ‘ಢಬ್’ ಎಂಬ ಸದ್ದು

ಗ್ಯಾಸ್ ಬಂದು ತಕ್ಷಣ ಹೊತ್ತದೆ, ಒಟ್ಟಾಗಿ ಆಮೇಲೆ ಸ್ಫೋಟಿಸುತ್ತಿದೆ. ಬರ್ನರಿನಿಂದ ಬರ್ನರಿಗೆ ಬೆಂಕಿ ದಾಟುವ ಸಂದು ತುಕ್ಕು ಕಟ್ಟಿದೆ, ಇಲ್ಲವೇ ಗ್ಯಾಸ್ ಒತ್ತಡ ತಪ್ಪಿದೆ. ಮುಖವನ್ನು ಕಿಂಡಿಗೆ ತಂದು ನೋಡಬೇಡಿ. ಆಫ್ ಮಾಡಿ, ಕರೆಯಿರಿ. ಡಕ್ಟಿನ ತಗಡು ಬಿಸಿಯಾಗಿ ಹಿಗ್ಗುವಾಗಲೂ ಸದ್ದು ಬರುತ್ತದೆ, ಆದರೆ ಅದು ಬರುವುದು ಬ್ಲೋವರ್ ಶುರುವಾದ ಮೇಲೆ, ಅದರಿಂದ ತೊಂದರೆಯಿಲ್ಲ. ಕಿರ್ರೆನ್ನುವ, ಉಜ್ಜುವ ಸದ್ದು ಫ್ಯಾನಿನ ಬೇರಿಂಗ್.

ಬೇಸ್‌ಮೆಂಟಿಗೆ ನೀರು ನುಗ್ಗಿ ಫರ್ನೇಸ್ ಮುಳುಗಿತ್ತು

ಒಣಗಿದರೆ ಓಡುತ್ತದೆ ಎಂದು ಹಚ್ಚಬೇಡಿ. ನೀರು ಗ್ಯಾಸ್ ವಾಲ್ವಿನೊಳಗೆ ಮಣ್ಣು, ತುಕ್ಕು ಬಿಟ್ಟುಹೋಗುತ್ತದೆ. ಮುಚ್ಚಬೇಕಾದ ಹೊತ್ತಿಗೆ ಅದು ಮುಚ್ಚಿಕೊಳ್ಳದೆ ಇರಬಹುದು, ಅದೂ ತಿಂಗಳುಗಳ ನಂತರ. ನೀರು ತಾಗಿದ ಗ್ಯಾಸ್ ವಾಲ್ವ್, ಬೋರ್ಡ್, ಸ್ವಿಚ್‌ಗಳನ್ನು ಬದಲಿಸಲೇಬೇಕು. ಪೂರ್ತಿ ಮುಳುಗಿದ್ದರೆ ಫರ್ನೇಸನ್ನೇ ಬದಲಿಸುವುದು ವಾಸಿ. ನಿಂತ ನೀರಿನಲ್ಲಿ ಕಾಲಿಟ್ಟು ಬ್ರೇಕರ್ ಮುಟ್ಟಬೇಡಿ. ಇನ್ಶೂರೆನ್ಸಿಗಾಗಿ ನೀರಿನ ಮಟ್ಟ ಕಾಣುವ ಹಾಗೆ ಫೋಟೋ ತೆಗೆದಿಡಿ.

ಮೆಕ್ಯಾನಿಕ್ ಬರುವ ತನಕ

ಎಲ್ಲರೂ ಒಂದೇ ಕೋಣೆಗೆ ಸೇರಿ. 1500 ವಾಟಿನ ಎಲೆಕ್ಟ್ರಿಕ್ ಹೀಟರ್ ಸುಮಾರು 12.5 ಆಂಪಿಯರ್ ಎಳೆಯುತ್ತದೆ. ಅದನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ, ಎಕ್ಸ್‌ಟೆನ್ಷನ್ ಬೇಡ, ಒಂದು ಸರ್ಕ್ಯೂಟಿಗೆ ಒಂದೇ ಹೀಟರ್. ಹಾಸಿಗೆ, ಪರದೆಗಳಿಂದ 3 ಅಡಿ ದೂರವಿರಲಿ. ಮಲಗುವಾಗ ಆರಿಸಿ.

ಗ್ಯಾಸ್ ಒಲೆ ಅಥವಾ ಓವನ್ ಹಚ್ಚಿ ಮನೆ ಬೆಚ್ಚಗೆ ಮಾಡಬೇಡಿ. ಊರಿನ ಅಗ್ಗಿಷ್ಟಿಕೆಯ ಹಾಗೆ ಬಾರ್ಬೆಕ್ಯೂ ಇದ್ದಿಲನ್ನು ಒಳಗೆ ತರುವುದಂತೂ ನೇರ ಸಾವು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ಆಚೆ, ಗ್ಯಾರೇಜ್ ಬಾಗಿಲು ತೆಗೆದಿದ್ದರೂ ಗ್ಯಾರೇಜಿನೊಳಗಲ್ಲ.

ಒಳಗಿನ ಉಷ್ಣಾಂಶ 50 ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್‌ಗಿಂತ ಇಳಿಯತೊಡಗಿದರೆ ನೀರಿನ ಕೊಳವೆಗಳ ಕಡೆ ಗಮನ ಕೊಡಿ. ಹೊರಗೋಡೆ ಪಕ್ಕದ ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ನಲ್ಲಿಗಳಲ್ಲಿ ನೀರು ಸಣ್ಣಗೆ ಸುರಿಯುತ್ತಿರಲಿ. ಮನೆ ಬಿಟ್ಟು ಸ್ನೇಹಿತರಲ್ಲಿಗೆ ಹೋಗುವುದಾದರೆ ಮುಖ್ಯ ವಾಲ್ವ್ ಮುಚ್ಚಿ, ಅತಿ ಕೆಳಗಿನ ನಲ್ಲಿ ತೆರೆದು ನೀರು ಖಾಲಿ ಮಾಡಿ ಹೋಗಿ. ಕೈಗೂಸು, ವಯಸ್ಸಾದವರು ಇದ್ದರೆ ಬೆಳಗಾಗಲಿ ಎಂದು ಕಾಯದೆ ಅವರನ್ನು ಮೊದಲು ಬೆಚ್ಚಗಿನ ಮನೆಗೆ ಕಳಿಸಿ.